ಸೈಕಾಲಜಿ ಎಂಎ, ಎಂಫಿಲ್: ಅರ್ಜಿ ಹಾಕುವ ಮೊದಲು ಮನೆಯವರು ತಿಳಿದುಕೊಳ್ಳಬೇಕಾದ್ದು

*ಆರೋಗ್ಯ ಮಾಲಿಕೆ – ಕಂತು 41*



ಹೋದ ಕಂತಿನಲ್ಲಿ ನಿದ್ದೆ ಬಾರದವರ ಬಗ್ಗೆ ಬರೆದಿದ್ದೆ. ಅದನ್ನು ಓದಿ ಫೋನ್ ಮಾಡಿದವರಲ್ಲಿ ಅರ್ಧ ಜನ ನಿದ್ದೆಯ ಮಾತೇ ಎತ್ತಲಿಲ್ಲ. "ಮೇಡಂ, ನಮ್ಮ ಮಗಳು ಸೈಕಾಲಜಿ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಡಿಗ್ರಿ ಮುಗೀತು. ಮುಂದೆ ಏನು ಮಾಡೋದು?" ಎಂದು ಕೇಳಿದರು. ಚೆನ್ನೈನಿಂದ ಒಬ್ಬರು, ಹೈದರಾಬಾದಿನಿಂದ ಇಬ್ಬರು, ನಮ್ಮ ಪುಣೆಯವರಂತೂ ಲೆಕ್ಕವಿಲ್ಲ. ಎಲ್ಲರಿಗೂ ಬೇರೆ ಬೇರೆ ಉತ್ತರ ಹೇಳುವ ಬದಲು ಒಟ್ಟಿಗೆ ಬರೆದುಬಿಡೋಣ ಎಂದು ಕುಳಿತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಬಿಡುವು ಮಾಡಿಕೊಂಡು ಓದಿ.

ಇದೂ ಆರೋಗ್ಯದ ವಿಷಯವೇ. ಮನಸ್ಸಿನ ಕಾಯಿಲೆಗೆ ನಾಳೆ ನಾವು ಯಾರ ಎದುರು ಹೋಗಿ ಕೂರುತ್ತೇವೆ, ಅವರು ಏನು ಓದಿರಬೇಕು ಎಂಬುದು ಮನೆಯಲ್ಲಿ ವಿದ್ಯಾರ್ಥಿ ಇಲ್ಲದವರಿಗೂ ಗೊತ್ತಿರಬೇಕು.

ನಮ್ಮ ಭಾಗದ ಒಬ್ಬ ಗುತ್ತಿಗೆದಾರರಿದ್ದಾರೆ. ವಿಜಯಪುರದ ಕಡೆಯವರು, ಪುಣೆಗೆ ಬಂದು ಇಪ್ಪತ್ತೆರಡು ವರ್ಷ. ಒಂದು ಭಾನುವಾರ ಮನೆಗೆ ಬಂದು, ಚಹಾ ಮುಗಿಯುವ ತನಕ ಸುಮ್ಮನೆ ಕೂತಿದ್ದು ಆಮೇಲೆ ಕೇಳಿದರು: "ಅಕ್ಕಾರ, ಹುಚ್ಚರ ದವಾಖಾನ್ಯಾಗ ಕೆಲಸ ಮಾಡಾಕ ಹೆಣ್ಣ ಹುಡುಗಿನ್ನ ಹೆಂಗ ಕಳಸೂದ್ರೀ? ಊರಾಗ ಮಂದಿ ಏನಂದಾರು?" ಅವರ ತಪ್ಪಿಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ 'ಧಾರವಾಡಕ್ಕ ಕಳಸಬೇಕು' ಎಂಬುದು ಬೈಗುಳ, ಬೆಂಗಳೂರಿನ ಕಡೆ 'ನಿಮ್ಹಾನ್ಸ್‌ಗೆ ಹೋಗು' ಎಂಬುದು ಬೈಗುಳ. ಬೈಗುಳವಾಗಿರುವ ಜಾಗಕ್ಕೆ ಮಗಳನ್ನು ಓದಲು ಕಳಿಸುವುದು ತಂದೆಗೆ ಸುಲಭವಲ್ಲ.

ನಾನು ಅವರಿಗೆ ಹೇಳಿದ್ದು ಇಷ್ಟು. ಇದು ನಿನ್ನೆ ಮೊನ್ನೆ ಬಂದ ಫ್ಯಾಷನ್ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಯಿತು, ದೇಶದಲ್ಲಿ ಕಲ್ಕತ್ತದ ನಂತರ ಅದೇ. ಅದನ್ನು ಕಟ್ಟಿದ ಡಾ. ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ ರೇಡಿಯೋ ಕೇಂದ್ರ ಶುರುಮಾಡಿದವರು. 'ಆಕಾಶವಾಣಿ' ಎಂಬ ಹೆಸರು ಆ ಕೇಂದ್ರದ್ದು! (ಇದನ್ನು ಹೇಳಿದಾಗ ಅವರು ಮೊದಲ ಸಲ ನಕ್ಕರು.) ಇನ್ನು ಅಗತ್ಯದ ಮಾತು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ, ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ಹೀಗಾಗಿ ಸರಿಯಾಗಿ ಓದಿ ಬಂದವರಿಗೆ ಕೆಲಸಕ್ಕೆ ಬರವಿಲ್ಲ. ಆ 'ಸರಿಯಾಗಿ' ಎಂಬಲ್ಲಿಯೇ ಎಲ್ಲ ತೊಡಕು.

*ಯಾವ ಓದಿಗೆ ಯಾವ ಹೆಸರು*

ಸೈಕಿಯಾಟ್ರಿಸ್ಟ್ ಎಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂಡಿ ಮಾಡಿದ ಡಾಕ್ಟರು, ಮಾತ್ರೆ ಬರೆದುಕೊಡುವವರು. ಆ ದಾರಿ ನೀಟ್‌ನಿಂದ ಶುರು, ಇವತ್ತಿನ ವಿಷಯ ಅದಲ್ಲ.

ಬಿಎ ಅಥವಾ ಬಿಎಸ್ಸಿ ನಂತರ ಸೈಕಾಲಜಿಯಲ್ಲಿ ಎಂಎ ಅಥವಾ ಎಂಎಸ್ಸಿ ಮಾಡುತ್ತಾರೆ, ಎರಡು ವರ್ಷ. ಎಂಎ ದೊಡ್ಡದೋ ಎಂಎಸ್ಸಿ ದೊಡ್ಡದೋ ಎಂದು ತಲೆ ಕೆಡಿಸಿಕೊಳ್ಳಬೇಡಿ, ಹೆಸರಿಗಿಂತ ಒಳಗೆ ಏನು ಕಲಿಸುತ್ತಾರೆ ಎಂಬುದು ಮುಖ್ಯ. ಇದನ್ನು ಮುಗಿಸಿದವರು ಶಾಲೆಯಲ್ಲಿ ಕೌನ್ಸೆಲರ್ ಆಗಬಹುದು, ಕಂಪನಿಯ ಎಚ್‌ಆರ್‌ಗೆ ಹೋಗಬಹುದು, ಸಂಶೋಧನೆಗೆ ಹೋಗಬಹುದು. ಆದರೆ ಇದೊಂದರಿಂದಲೇ 'ಕ್ಲಿನಿಕಲ್ ಸೈಕಾಲಜಿಸ್ಟ್' ಎಂದು ಬೋರ್ಡ್ ಹಾಕಿಕೊಳ್ಳುವಂತಿಲ್ಲ.

ಆ ಬೋರ್ಡಿಗೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ತರಬೇತಿ ಆಗಿರಬೇಕು. ಇಷ್ಟು ವರ್ಷ ಅದು ಎಂಎ ನಂತರದ ಎರಡು ವರ್ಷದ ಎಂಫಿಲ್ ಆಗಿತ್ತು. ಆಸ್ಪತ್ರೆಯಲ್ಲಿ ಹಿರಿಯರ ಕಣ್ಣಳತೆಯಲ್ಲಿ ರೋಗಿಗಳನ್ನು ನೋಡಿ ಕಲಿಯುವ ಪೂರ್ಣಾವಧಿ ಓದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂಬ ವ್ಯಾಖ್ಯೆ ಇದೆ, ಅದೂ ಇದನ್ನೇ ಹೇಳುತ್ತದೆ. ಓದು ಮುಗಿದ ಮೇಲೆ ಆರ್‌ಸಿಐ ನೋಂದಣಿ ಸಂಖ್ಯೆ ಸಿಗುತ್ತದೆ. ನೋಂದಣಿ ಇಲ್ಲದೆ ಕೆಲಸ ಮಾಡಿದರೆ 1992ರ ಆರ್‌ಸಿಐ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲಿಗೂ ಅವಕಾಶವಿದೆ.

ಈಗ ಬದಲಾವಣೆಯ ಕಾಲ. ಹೊಸ ಶಿಕ್ಷಣ ನೀತಿಯಲ್ಲಿ ಎಂಫಿಲ್ ಪದವಿಯನ್ನೇ ತೆಗೆದರು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎರಡಕ್ಕೆ ಮಾತ್ರ ಯುಜಿಸಿ 2025-26ರ ಶೈಕ್ಷಣಿಕ ವರ್ಷದವರೆಗೆ ಅವಧಿ ವಿಸ್ತರಿಸಿತು. ಅದರ ಜಾಗಕ್ಕೆ ಆರ್‌ಸಿಐ ಬೇರೆ ಕೋರ್ಸ್‌ಗಳನ್ನು ರೂಪಿಸಿದೆ: ನಾಲ್ಕು ವರ್ಷದ ಬಿಎಸ್ಸಿ ಕ್ಲಿನಿಕಲ್ ಸೈಕಾಲಜಿ ಆನರ್ಸ್, ಎರಡು ವರ್ಷದ ಎಂಎ ಕ್ಲಿನಿಕಲ್ ಸೈಕಾಲಜಿ, ಮತ್ತು ಸೈ.ಡಿ. ಎಂಬ ಡಾಕ್ಟರೇಟ್. ಆದ್ದರಿಂದ "ನಮ್ಮ ಅತ್ತಿಗೆಯ ಮಗಳು ಐದು ವರ್ಷದ ಹಿಂದೆ ಹೀಗೆ ಮಾಡಿದಳು" ಎಂಬ ಲೆಕ್ಕ ಈಗ ನಡೆಯುವುದಿಲ್ಲ. ಅರ್ಜಿ ಹಾಕುವ ದಿನವೇ ಆರ್‌ಸಿಐ ಜಾಲತಾಣದಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ತೆರೆದು ನೋಡಿ. ಕಾಲೇಜಿನ ಹೆಸರಿದ್ದರೆ ಸಾಲದು. ಆ ಕೋರ್ಸಿನ ಹೆಸರು, ಆ ವರ್ಷ, ಎರಡೂ ಇರಬೇಕು. ಒಂದೇ ಕಾಲೇಜಿನಲ್ಲಿ ಆರ್‌ಸಿಐ ಮಾನ್ಯತೆ ಇರುವ ಕೋರ್ಸೂ ಇಲ್ಲದ ಕೋರ್ಸೂ ಅಕ್ಕಪಕ್ಕ ನಡೆಯುತ್ತವೆ. ಹೆಸರು ಮಾತ್ರ ಅವಳಿ ಮಕ್ಕಳ ಹಾಗೆ.

*ಮನೆಯಲ್ಲೇ ಕೂತು ಓದಬಹುದೇ?*

ಇದು ಗೃಹಿಣಿಯರಿಂದ ತುಂಬ ಬರುವ ಪ್ರಶ್ನೆ. ಮಕ್ಕಳು ದೊಡ್ಡವರಾದರು, ನನಗೂ ಏನಾದರೂ ಕಲಿಯಬೇಕು ಎಂಬ ಆಸೆ. ಆಸೆ ಒಳ್ಳೆಯದು. ಆದರೆ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಹೊಸದಾಗಿ ಕಲಿಸುವಂತಿಲ್ಲ ಎಂದು ಯುಜಿಸಿ ನಿಲ್ಲಿಸಿದೆ. ಆರೋಗ್ಯ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕಾಯ್ದೆಯ ಅಡಿಯಲ್ಲಿ ಸೈಕಾಲಜಿಯೂ ಸೇರಿದ್ದರಿಂದ ಈ ಕ್ರಮ.

ಇನ್ನೊಂದು ಬಗೆಯ ಜಾಹೀರಾತು ಎಲ್ಲರ ಫೋನಿನಲ್ಲೂ ಬರುತ್ತದೆ. 'ಮೂರು ತಿಂಗಳಲ್ಲಿ ಸರ್ಟಿಫೈಡ್ ಥೆರಪಿಸ್ಟ್ ಆಗಿ', 'ಮನೆಯಿಂದಲೇ ಗಳಿಸಿ'. ನನ್ನ ಪರಿಚಯದ ಹುಡುಗಿ ಒಬ್ಬಳು ತಾಯಿಯ ಬಳೆ ಅಡವಿಟ್ಟು ಅಂಥದ್ದಕ್ಕೆ ದುಡ್ಡು ಕಟ್ಟಿದಳು. ಚಂದದ ಸರ್ಟಿಫಿಕೇಟು ಬಂತು, ಬಂಗಾರದ ಬಣ್ಣದ ಮುದ್ರೆ ಬೇರೆ. ಅದನ್ನು ಹಿಡಿದು ಆಸ್ಪತ್ರೆಯೊಂದಕ್ಕೆ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ ಆರ್‌ಸಿಐ ನಂಬರ್ ಎಷ್ಟು ಎಂದು. ಆ ಬಳೆ ಬಿಡಿಸಿಕೊಳ್ಳಲು ಅವಳು ಎರಡು ವರ್ಷ ಕಾಲ್ ಸೆಂಟರಿನಲ್ಲಿ ದುಡಿದಳು. ಕಲಿಕೆಗಾಗಿ ಸಣ್ಣ ಕೋರ್ಸ್ ಮಾಡುವುದು ತಪ್ಪಲ್ಲ, ಅದನ್ನು ವೃತ್ತಿಯ ಪರವಾನಗಿ ಎಂದು ನಂಬಬೇಡಿ, ಅಷ್ಟೇ.

*ಅರ್ಜಿ ಎಲ್ಲಿ, ಯಾವಾಗ*

ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂಎ, ಎಂಎಸ್ಸಿಗೆ ಸಿಯುಇಟಿ ಪಿಜಿ ಪರೀಕ್ಷೆ. ದೆಹಲಿ, ಬನಾರಸ್, ಹೈದರಾಬಾದ್ ವಿಶ್ವವಿದ್ಯಾಲಯಗಳು ಇದರಲ್ಲಿ ಬರುತ್ತವೆ. ಅರ್ಜಿ ಸಾಮಾನ್ಯವಾಗಿ ಚಳಿಗಾಲದಲ್ಲಿ, ಪರೀಕ್ಷೆ ಮಾರ್ಚ್ ಹೊತ್ತಿಗೆ. ಡಿಗ್ರಿಯ ಕೊನೆಯ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಕೂತವರಿಗೆ ಒಂದು ವರ್ಷ ಹೋದಂತೆಯೇ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಅಪ್ಲೈಡ್ ಸೈಕಾಲಜಿಗೂ ಸಿಯುಇಟಿ ಅಂಕ ಬೇಕು, ಆಮೇಲೆ ಅವರದೇ ಇನ್ನೊಂದು ಹಂತ ಇರುತ್ತದೆ.

ಮುಂಬೈ, ಪುಣೆ, ಮದ್ರಾಸ್, ಉಸ್ಮಾನಿಯಾ ವಿಶ್ವವಿದ್ಯಾಲಯಗಳಿಗೂ ನಮ್ಮ ಮೈಸೂರು, ಬೆಂಗಳೂರು, ಧಾರವಾಡಗಳಿಗೂ ಅವರವರದೇ ಕ್ರಮ, ಅವರವರದೇ ದಿನಾಂಕ. ಕೆಲವರು ಡಿಗ್ರಿಯಲ್ಲಿ ಸೈಕಾಲಜಿ ಓದಿರಲೇಬೇಕು ಎನ್ನುತ್ತಾರೆ, ಕೆಲವರು ಯಾವ ಡಿಗ್ರಿಯಾದರೂ ಸರಿ ಎನ್ನುತ್ತಾರೆ. ಬಿಕಾಂ ಮಾಡಿ ಮನಸ್ಸು ಬದಲಾಯಿಸಿದ ಮಕ್ಕಳು ಇದನ್ನು ಮೊದಲು ನೋಡಬೇಕು.

ಎಂಎ ನಂತರದ ಕ್ಲಿನಿಕಲ್ ತರಬೇತಿಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ದೆಹಲಿಯ ಇಹ್ಬಾಸ್, ರಾಂಚಿಯ ಕೇಂದ್ರೀಯ ಮನೋವೈದ್ಯಕೀಯ ಸಂಸ್ಥೆ ಮೊದಲಾದವು ಹೆಸರಾದವು. ಎಂಫಿಲ್‌ಗೆ ಎಂಎಯಲ್ಲಿ ಕನಿಷ್ಠ 55 ಶೇಕಡಾ ಬೇಕಿತ್ತು, ಮೀಸಲಾತಿ ಇದ್ದವರಿಗೆ 50. ಲಿಖಿತ ಪರೀಕ್ಷೆ, ನಂತರ ಸಂದರ್ಶನ. ಸೀಟು ಕಡಿಮೆ, ಬರೆಯುವವರು ಅದರ ಎಷ್ಟೋ ಪಟ್ಟು. ಎರಡನೇ, ಮೂರನೇ ಪ್ರಯತ್ನದಲ್ಲಿ ಸೇರಿದವರು ನಮ್ಮಲ್ಲಿ ಬಹಳ ಜನ. ಸರ್ಕಾರಿ ಸಂಸ್ಥೆಗೂ ಖಾಸಗಿಗೂ ಶುಲ್ಕದಲ್ಲಿ ಆಕಾಶ ಭೂಮಿ ಅಂತರ. ಹಾಗಾಗಿ ಒಂದು ವರ್ಷ ಕಾದು ಸರ್ಕಾರಿ ಸೀಟಿಗೆ ಮತ್ತೆ ಬರೆಯುವುದು ಎಷ್ಟೋ ಮನೆಗಳಿಗೆ ಸರಿಯಾದ ಲೆಕ್ಕ. ನನ್ನ ಅಭಿಪ್ರಾಯದಲ್ಲಿ ಸಾಲ ಮಾಡಿ, ಹೊಲ ಮಾರಿ ಹೋಗುವ ಕೋರ್ಸ್ ಇದಲ್ಲ, ಮೊದಲ ವರ್ಷಗಳ ಸಂಬಳ ಅದಕ್ಕೆ ತಕ್ಕಷ್ಟು ಇರುವುದಿಲ್ಲ.

*ಹೊರರಾಜ್ಯದ ಕನ್ನಡಿಗರಿಗೆ ವಿಶೇಷ ಸೂಚನೆ: ಜಾತಿ ಪ್ರಮಾಣಪತ್ರ*

ದಯವಿಟ್ಟು ಇದನ್ನು ಎರಡು ಸಲ ಓದಿ. ಮೇಲೆ ಹೇಳಿದ ಗುತ್ತಿಗೆದಾರರ ಮಗಳ ಒಂದು ವರ್ಷ ಹೋದದ್ದು ಓದಿನಲ್ಲಿ ಅಲ್ಲ, ಈ ಕಾಗದದಲ್ಲಿ.

ನಮ್ಮ ಊರಿನಲ್ಲಿ 2ಎ, 3ಎ, 3ಬಿ ಎಂದು ಕೊಡುವ ಪ್ರಮಾಣಪತ್ರ ಕರ್ನಾಟಕ ಸರ್ಕಾರದ ಸೌಲಭ್ಯಕ್ಕೆ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ, ನಿಮ್ಹಾನ್ಸ್‌ಗೆ ಬೇಕಾದ್ದು ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ. ಅದರಲ್ಲಿ ಕೆನೆಪದರಕ್ಕೆ ಸೇರಿಲ್ಲ ಎಂದು ಬರೆದಿರಬೇಕು. 3ಬಿ ಇದ್ದವರೆಲ್ಲ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇಲ್ಲ. ನಿಮ್ಮ ಜಾತಿ, ಉಪಜಾತಿಯ ಹೆಸರು ಕರ್ನಾಟಕಕ್ಕೆ ಸಂಬಂಧಿಸಿದ ಕೇಂದ್ರ ಪಟ್ಟಿಯಲ್ಲಿ ಹೇಗೆ ಬರೆದಿದೆಯೋ ಹಾಗೆಯೇ ಕಾಗದದಲ್ಲೂ ಇರಬೇಕು. ಪಟ್ಟಿಯಲ್ಲಿ ಇಲ್ಲದವರು, ಆದಾಯ ಕಡಿಮೆ ಇದ್ದರೆ, ಇಡಬ್ಲ್ಯುಎಸ್ ನೋಡಬಹುದು. ಸಿಯುಇಟಿಯಂಥ ಕಡೆ ಒಬಿಸಿ, ಇಡಬ್ಲ್ಯುಎಸ್ ಎರಡೂ ಆ ಆರ್ಥಿಕ ವರ್ಷದಲ್ಲಿ ಪಡೆದ ಹೊಸ ಕಾಗದ ಆಗಿರಬೇಕು, ಅಂದರೆ ಏಪ್ರಿಲ್ 1ರ ನಂತರದ್ದು.

ಈ ಹುಡುಗಿಗೆ ಅಂಕ ಸಾಕಷ್ಟಿತ್ತು. ಕೊಟ್ಟ ಕಾಗದ ರಾಜ್ಯದ ನಮೂನೆ, ಅದೂ ಹಿಂದಿನ ವರ್ಷದ್ದು. ಅಪ್ಪ ರಾತ್ರಿ ಬಸ್ಸು ಹತ್ತಿ ಊರಿಗೆ ಓಡಿದರು. ಎರಡು ದಿನ ರಜೆ, ಮೂರನೇ ದಿನ ಸರ್ವರ್ ಇಲ್ಲ. ಹೊಸ ಕಾಗದ ಕೈಗೆ ಬಂದಾಗ ಅಪ್‌ಲೋಡ್ ಮಾಡುವ ಕೊನೆಯ ದಿನ ದಾಟಿತ್ತು. ಯಾರನ್ನೂ ದೂರುವಂತಿಲ್ಲ. ಅರ್ಜಿಯ ಸೂಚನೆಗಳ ಹಾಳೆಯಲ್ಲಿ ಎಲ್ಲ ಬರೆದಿತ್ತು, ನಾವೇ ಪೂರ್ತಿ ಓದಿರಲಿಲ್ಲ. 'ನಾವೇ' ಎನ್ನುತ್ತಿದ್ದೇನೆ, ಏಕೆಂದರೆ ಅರ್ಜಿ ತುಂಬುವಾಗ ಪಕ್ಕದಲ್ಲಿ ಕೂತಿದ್ದವಳು ನಾನು.

ಪರಿಶಿಷ್ಟ ಜಾತಿ, ಪಂಗಡದವರಿಗೆ ಇನ್ನೊಂದು ಮಾತು. ತಂದೆಯ ಮೂಲ ಪ್ರಮಾಣಪತ್ರದ ಆಧಾರದ ಮೇಲೆ ನೀವಿರುವ ರಾಜ್ಯದಲ್ಲೇ ವಲಸಿಗರ ಪ್ರಮಾಣಪತ್ರ ಪಡೆಯಲು ಅವಕಾಶವಿದೆ. ಅದು ಕೇಂದ್ರದ ಸೌಲಭ್ಯಕ್ಕೂ ಮೂಲ ರಾಜ್ಯದ ಸೌಲಭ್ಯಕ್ಕೂ ನಡೆಯುತ್ತದೆ, ವಲಸೆ ಬಂದ ರಾಜ್ಯದ ಮೀಸಲಾತಿಗೆ ನಡೆಯುವುದಿಲ್ಲ.

*ಅರ್ಜಿಯಲ್ಲಿ ಏನು ಬರೆಯಬೇಕು*

ಕೆಲವು ಕಡೆ 'ನೀವು ಈ ಕೋರ್ಸಿಗೆ ಏಕೆ ಬರುತ್ತಿದ್ದೀರಿ' ಎಂದು ಒಂದೆರಡು ಪುಟ ಬರೆಸುತ್ತಾರೆ. ನಾನು ಓದಿದ ಇಂಥ ಬರಹಗಳಲ್ಲಿ ಮುಕ್ಕಾಲು ಪಾಲು ಒಂದೇ ವಾಕ್ಯದಿಂದ ಶುರುವಾಗುತ್ತವೆ: ಚಿಕ್ಕಂದಿನಿಂದಲೂ ಎಲ್ಲರೂ ನನ್ನ ಹತ್ತಿರ ಕಷ್ಟ ಹೇಳಿಕೊಳ್ಳುತ್ತಾರೆ. ಈ ಹುಡುಗಿಯ ಮೊದಲ ಕರಡೂ ಹಾಗೇ ಇತ್ತು. ಅದನ್ನು ಬದಿಗಿಟ್ಟು ಮಾತಾಡುತ್ತಾ ಕೂತೆವು. ಮಾತಿನ ನಡುವೆ ಅವಳು ಹೇಳಿದಳು: ಅಪ್ಪನ ಸೈಟಿನ ಹೆಂಗಸರನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಅವಳ ಕೆಲಸವಂತೆ, ಮರಾಠಿ ಬರುತ್ತದೆ ಎಂಬ ಕಾರಣಕ್ಕೆ. ಒಬ್ಬಾಕೆ ಡಾಕ್ಟರ ಮುಂದೆ "ಎದಿ ಡವಡವ ಅಂತದ, ತಲಿ ಧಿಮ್ ಅಂತದ, ಒಳಗ ಸಂಕಟ ಆಗತೇತಿ" ಎಂದಳು. ಡವಡವವನ್ನು ಹೇಗೋ ಹೇಳಿದಳಂತೆ. 'ಸಂಕಟ'ಕ್ಕೆ ಮರಾಠಿಯಲ್ಲಿ ಏನು ಹೇಳಬೇಕೋ ತಿಳಿಯಲಿಲ್ಲ, ಏಕೆಂದರೆ ಮರಾಠಿಯಲ್ಲೂ ಅದೇ ಪದ ಇದೆ, ಆದರೆ ಅಲ್ಲಿ ಅದರ ಅರ್ಥ ಆಪತ್ತು. ಡಾಕ್ಟರು "ಏನು ಆಪತ್ತು ಬಂತು?" ಎಂದು ಕೇಳಿದರು. ಕೊನೆಗೆ ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು. ಆಕೆಯ ಮಗು ತೀರಿ ಎರಡು ತಿಂಗಳಾಗಿತ್ತು. ಅದನ್ನು ಯಾರೂ ಕೇಳಲಿಲ್ಲ, ಇವಳಿಗೂ ಹೇಳಬೇಕೆಂದು ಹೊಳೆಯಲಿಲ್ಲ.

"ಅದನ್ನೇ ಬರಿ," ಎಂದೆ. "ನಿನಗೆ ಹೊಳೆಯಲಿಲ್ಲ ಎಂಬುದನ್ನೂ ಬರಿ."

ನಮ್ಮ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಓದಿ, ಬೀದಿಯಲ್ಲಿ ಮರಾಠಿಯೋ ತಮಿಳೋ ತೆಲುಗೋ ಮಾತಾಡಿ, ಮನೆಯಲ್ಲಿ ಕನ್ನಡ ಆಡುತ್ತಾರೆ. ಓದಲು ಬರೆಯಲು ಬಾರದಿದ್ದರೆ ಅರ್ಜಿಯಲ್ಲಿ ಕನ್ನಡವನ್ನು ಬಿಟ್ಟೇಬಿಡುತ್ತಾರೆ. ಬಿಡಬೇಡಿ. ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲೇ ಇರಬಹುದು, ರೋಗಿ ಅಳುವುದು ಅವರವರ ಭಾಷೆಯಲ್ಲಿ. 'ಬೇಜಾರು' ಎಂಬ ನಮ್ಮ ಒಂದು ಪದದೊಳಗೆ ಸುಮ್ಮನೆ ಹೊತ್ತು ಹೋಗದಿರುವುದೂ ಇದೆ, ಯಾರ ಮೇಲೋ ಮುನಿಸೂ ಇದೆ, ಖಿನ್ನತೆಯೂ ಇದೆ. ಯಾವ ಬೇಜಾರು ಎಂದು ದನಿಯಿಂದಲೇ ತಿಳಿಯುವವರು ಆಸ್ಪತ್ರೆಗೆ ಬೇಕು.

ಇನ್ನು ನಾಜೂಕಿನ ಮಾತು. ತಾನೇ ಖಿನ್ನತೆ, ಆತಂಕ ಅನುಭವಿಸಿ ಚೇತರಿಸಿಕೊಂಡು ಈ ಓದಿಗೆ ಬರುವ ಮಕ್ಕಳಿದ್ದಾರೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಪುಟದ ತುಂಬ ಅದನ್ನೇ ಬರೆಯಬೇಡಿ. ಅಮೆರಿಕದಲ್ಲಿ ಸೈಕಾಲಜಿ ಪ್ರವೇಶ ಸಮಿತಿಗಳ ಮುಖ್ಯಸ್ಥರನ್ನು ಕೇಳಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅರ್ಜಿಯನ್ನು ಕೆಡಿಸುವ ಸಂಗತಿಗಳ ಪೈಕಿ ಸ್ವಂತ ಮಾನಸಿಕ ಕಾಯಿಲೆಯ ಅತಿಯಾದ ವಿವರವೂ ಒಂದು ಎಂದು ಬಂತು. ಅದು ನ್ಯಾಯವೋ ಅಲ್ಲವೋ ಬೇರೆ ಚರ್ಚೆ. ಇಲ್ಲಿಯೂ ಸಂದರ್ಶಕರು ನೋಡುವುದು ನೀವು ಅನುಭವಿಸಿದ್ದನ್ನಲ್ಲ, ಅದರಿಂದ ಆಚೆ ನಿಂತು ಇನ್ನೊಬ್ಬರ ಮಾತು ಕೇಳಬಲ್ಲಿರಾ ಎಂಬುದನ್ನು. ಈಗಲೂ ಚಿಕಿತ್ಸೆ ನಡೆಯುತ್ತಿದ್ದರೆ ಮುಂದುವರಿಸಿ, ಪರೀಕ್ಷೆಯ ಗಡಿಬಿಡಿಯಲ್ಲಿ ಮಾತ್ರೆ ನಿಲ್ಲಿಸಬೇಡಿ.

ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯವರಿಂದ ಬರೆಸುವ ಆಸೆ ನಮ್ಮವರಿಗೆ. ನಿಮ್ಮ ಪ್ರಾಜೆಕ್ಟ್ ನೋಡಿ ಎರಡು ಸಲ ಬೈದ ಲೆಕ್ಚರರ್ ಪತ್ರ ಶಾಸಕರ ಪತ್ರಕ್ಕಿಂತ ತೂಕದ್ದು. ದುಡ್ಡು ಕೊಟ್ಟು ಪಡೆಯುವ ಆನ್‌ಲೈನ್ ಇಂಟರ್ನ್‌ಶಿಪ್ ಸರ್ಟಿಫಿಕೇಟುಗಳು ಹತ್ತಿದ್ದರೂ ಅಷ್ಟೇ, ಆಸ್ಪತ್ರೆಯಲ್ಲೋ ವಿಶೇಷ ಮಕ್ಕಳ ಶಾಲೆಯಲ್ಲೋ ಒಂದು ತಿಂಗಳು ಕೂತು ನೋಡಿದ್ದೇ ಸಂದರ್ಶನದಲ್ಲಿ ಬಾಯಿಗೆ ಬರುವುದು.

ನನ್ನ ಮೊದಲ ಸಂದರ್ಶನದ ಕಥೆ ಕೇಳಿ. "ರೋಗಿ ನಿಮ್ಮ ಮಾತು ಕೇಳದೆ ಮಧ್ಯದಲ್ಲೇ ಎದ್ದು ಹೋದರೆ ಏನು ಮಾಡುತ್ತೀರಿ?" ಎಂದರು. "ಹಾಗೆ ಹೋಗದಂತೆ ನೋಡಿಕೊಳ್ಳುತ್ತೇನೆ ಸರ್," ಎಂದೆ ಜಂಬದಿಂದ. ಅವರು ನಕ್ಕರು, ನನ್ನ ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಮರುವರ್ಷ ಬೇರೆ ಕಡೆ ಹೆಚ್ಚುಕಡಿಮೆ ಅದೇ ಪ್ರಶ್ನೆ ಬಂತು. "ಎದ್ದು ಹೋಗುವ ಹಕ್ಕು ಅವರದು. ಏಕೆ ಹೋದರು ಎಂದು ನನ್ನ ಮೇಲಿನವರ ಜೊತೆ ಕೂತು ಮಾತಾಡುತ್ತೇನೆ," ಎಂದೆ. ನಡುವಿನ ವರ್ಷದಲ್ಲಿ ನಾನು ಒಂದು ವಿಶೇಷ ಮಕ್ಕಳ ಶಾಲೆಯಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ಮಕ್ಕಳು ದಿನಕ್ಕೆ ನಾಲ್ಕು ಸಲ ಎದ್ದು ಹೋಗುತ್ತಿದ್ದರು!

*ಮನೆಯವರಿಗೆ*

ಡಿಗ್ರಿಗೆ 21 ವರ್ಷ, ಎಂಎಗೆ 23, ಕ್ಲಿನಿಕಲ್ ತರಬೇತಿ ಮುಗಿಯುವಾಗ 25, ಒಂದು ವರ್ಷ ಸೀಟಿಗೆ ಕಾದರೆ 26. ಹೆಣ್ಣು ಮಕ್ಕಳ ಮನೆಯಲ್ಲಿ ಈ ಲೆಕ್ಕ ಹಾಕದವರಿಲ್ಲ. ಮದುವೆಯ ಮಾತನ್ನು ಆಡಲೇಬೇಡಿ ಎನ್ನುವುದಿಲ್ಲ, ಆದರೆ ಫಲಿತಾಂಶಕ್ಕೆ ಕಾಯುತ್ತಿರುವ ವಾರಗಳಲ್ಲಿ ಆಡಬೇಡಿ. ವೇಟಿಂಗ್ ಲಿಸ್ಟ್ ದಿನಕ್ಕೆ ಹತ್ತು ಸಲ ತೆರೆದು ನೋಡುವ, ಊಟ ಬಿಡುವ, ರಾತ್ರಿ ಎರಡಕ್ಕೆ ಎದ್ದು ಕೂರುವ ಮಗು ನಿಮ್ಮ ಮನೆಯಲ್ಲಿದ್ದರೆ, ಎರಡು ವಾರವಾದರೂ ಹಾಗೇ ಇದ್ದರೆ, ಟೆಲಿ ಮಾನಸ್ ಸಂಖ್ಯೆ *14416*ಕ್ಕೆ ಫೋನ್ ಮಾಡಿಸಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ಓದುವವರು ಮನೆಯಲ್ಲಿ ಇಲ್ಲದವರಿಗೆ ಒಂದು ಉಪಯೋಗದ ಮಾತು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಇರುವವರ ಹತ್ತಿರ ಹೋದಾಗ ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ. ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಕೇಳಿದರೆ ಸರಿಯಾಗಿ ಓದಿದವರು ಸಿಟ್ಟಾಗುವುದಿಲ್ಲ.

ಗುತ್ತಿಗೆದಾರರ ಮಗಳು ಆ ಒಂದು ವರ್ಷ ವಿಶೇಷ ಮಕ್ಕಳ ಶಾಲೆಯಲ್ಲಿ ಸಹಾಯಕಿಯಾಗಿ ದುಡಿದು, ಈ ಸಲ ಮತ್ತೆ ಅರ್ಜಿ ಹಾಕಿದ್ದಾಳೆ. ಏಪ್ರಿಲ್ ಎರಡನೇ ವಾರವೇ ಅಪ್ಪ ಊರಿಗೆ ಹೋಗಿ ಕಾಗದ ಮಾಡಿಸಿಕೊಂಡು ಬಂದರು, ಮೂರು ಝೆರಾಕ್ಸ್ ಬೇರೆ. ಒಂದನ್ನು ನಮ್ಮ ಮನೆಯಲ್ಲಿ ಇಟ್ಟು ಹೋಗಿದ್ದಾರೆ. "ಇರ್ಲಿ ತಗೋರಿ ಅಕ್ಕಾರ, ನಿಮ್ಮ ಕಡೆ ಒಂದ ಇರ್ಲಿ."

ಈ ಕಂತನ್ನು ಡಿಗ್ರಿ ಕೊನೆಯ ವರ್ಷದ ಮಕ್ಕಳಿರುವ ಮನೆಗಳಿಗೆ ಕಳಿಸಿ. ಮುಂದಿನ ಕಂತು: ಮಳೆಗಾಲದ ಜ್ವರ, ರಕ್ತ ಪರೀಕ್ಷೆ ಯಾವ ದಿನ ಮಾಡಿಸಬೇಕು.